ಮದುವೆ ಕುದುರೆಯ ತುರಿಕೆ

ನಮ್ಮ ಕುದುರೆಗೆ ತುರಿಕೆ ಶುರುವಾದದ್ದು ಅದು ಮನೆಗೆ ಬಂದ ಎರಡನೆಯ ಮಳೆಗಾಲದಲ್ಲಿ. ತೊಂಬತ್ತರ ದಶಕದ ನಡುವಿನ ಮಾತು. ಆಗ ನಾವು ತಿ. ನರಸೀಪುರದ ಅಂಚಿನಲ್ಲಿ, ನಾಲೆ ಏರಿಯ ಕೆಳಗಿನ ಬೀದಿಯಲ್ಲಿ ಇದ್ದೆವು. ಮನೆಯ ಹಿಂದೆ ಒಂದು ಹುಣಸೆಮರ, ಮರದಾಚೆ ಭತ್ತದ ಗದ್ದೆ. ಗದ್ದೆಯಲ್ಲಿ ವರ್ಷದ ಬಹುಪಾಲು ನೀರು ನಿಂತೇ ಇರುತ್ತಿತ್ತು. ಹುಣಸೆಮರಕ್ಕೂ ಗದ್ದೆಯ ಬದುವಿಗೂ ನಡುವೆ ಅಪ್ಪ ಸೋಗೆ ಹೊದಿಸಿ ಒಂದು ಕೊಟ್ಟಿಗೆ ಕಟ್ಟಿದ್ದರು. ಕುದುರೆ ಅಲ್ಲಿರುತ್ತಿತ್ತು.

ಕುದುರೆ ಎಂದರೆ ದೊಡ್ಡ ಕುದುರೆಯಲ್ಲ, ತಟ್ಟು. ಅದರ ಬೆನ್ನು ಅಪ್ಪನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಹೆಣ್ಣು. ಬಣ್ಣ ಬಿಳಿ ಎಂದು ಅಪ್ಪ ಹೇಳುತ್ತಿದ್ದರು, ಅಮ್ಮ ಬೂದಿ ಎನ್ನುತ್ತಿದ್ದಳು. ಮೈಸೂರಿನಲ್ಲಿ ಟಾಂಗಾ ಓಡಿಸುವುದನ್ನು ಬಿಟ್ಟ ಒಬ್ಬರಿಂದ ಅಪ್ಪ ಅದನ್ನು ಕೊಂಡು, ಎರಡು ಹಗಲು ನಡೆಸಿಕೊಂಡು ಬಂದಿದ್ದರು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಮನುಷ್ಯ ಕುದುರೆ ತಂದರೆ ಬೀದಿ ಏನೆನ್ನುತ್ತದೆ? ಏನೂ ಅನ್ನಲಿಲ್ಲ, ನೋಡಲು ಬಂತು. ಅಮ್ಮ ಮಾತ್ರ ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ನೆನಪಿದೆ. "ಎಮ್ಮೆ ತತ್ತೀನಿ ಅಂತ ಓಗಿದ್ದೋರು ಇದೇನ್ ತಂದ್ರಿ? ಇದು ಆಲು ಕೊಟ್ಟದಾ, ಗೊಬ್ರ ಕೊಟ್ಟದಾ?"

"ಮದ್ವೆಗೆ ಓಯ್ತದೆ" ಎಂದರು ಅಪ್ಪ.

ಅಪ್ಪನ ಲೆಕ್ಕಾಚಾರ ತಪ್ಪಾಗಿರಲಿಲ್ಲ. ನಮ್ಮ ಬೀದಿಯಂಥ ಬೀದಿಗಳಲ್ಲಿ ಮದುವೆಯ ಗಂಡು ಕುದುರೆ ಏರುವುದು ಅದುವರೆಗೆ ಇರಲಿಲ್ಲ. ಹಿಂದೆ ಮೇಲ್ಜಾತಿಯವರು ಏರಲು ಬಿಡುತ್ತಿರಲಿಲ್ಲ, ಆಮೇಲೆ ಬಿಟ್ಟರೂ ಕುದುರೆ ಸಿಗುತ್ತಿರಲಿಲ್ಲ. ಆ ಹೊತ್ತಿಗೆ ನಮ್ಮವರಲ್ಲಿ ಮೇಷ್ಟರಾದವರು, ಬ್ಯಾಂಕಿನಲ್ಲಿ ಅಟೆಂಡರ್ ಆದವರು, ಕೆಇಬಿ ಸೇರಿದವರು ಸುತ್ತಲಿನ ಹಳ್ಳಿಗಳಲ್ಲೆಲ್ಲ ಇದ್ದರು. ಅವರ ಮದುವೆಗಳು ಬೌದ್ಧ ಕ್ರಮದಲ್ಲಿ, ತ್ರಿಸರಣ ಹೇಳಿ, ಸರಳವಾಗಿ ನಡೆಯುತ್ತಿದ್ದವು. ಮೆರವಣಿಗೆಯ ವಿಷಯದಲ್ಲಿ ಮಾತ್ರ ಯಾರೂ ಸರಳವಾಗಿರಲು ಒಪ್ಪುತ್ತಿರಲಿಲ್ಲ. ಬ್ಯಾಂಡ್‌ಸೆಟ್ಟು ಬೇಕು, ಪಟಾಕಿ ಬೇಕು, ಈಗ ಕುದುರೆಯೂ ಬೇಕು. ಊರಿನ ಒಬ್ಬ ಬ್ಯಾಂಡ್‌ಸೆಟ್ಟಿನವರು ಅಪ್ಪನಿಗೆ ಸ್ನೇಹಿತರಾಗಿದ್ದರು. ಮದುವೆ ಗೊತ್ತಾದ ಮನೆಗೆ ಮೊದಲು ಹೋಗುತ್ತಿದ್ದವರು ಅವರೇ ಆದ್ದರಿಂದ, ಕುದುರೆಯ ಸುದ್ದಿಯನ್ನೂ ಅವರೇ ಹೇಳಿ ಬರುತ್ತಿದ್ದರು. ಮೊದಲ ವರ್ಷ ನಂಜನಗೂಡಿನ ತನಕ ಕರೆ ಬಂತು. ಅಮ್ಮ ಸುಮ್ಮನಾದಳು. ಕುದುರೆಯನ್ನು "ನಿಮ್ಮಪ್ಪನ ಎರಡ್ನೇ ಮಗ್ಳು" ಎಂದು ಕರೆಯುವುದನ್ನು ಮಾತ್ರ ಬಿಡಲಿಲ್ಲ.

ತುರಿಕೆ ಮೊದಲು ಕಂಡದ್ದು ಬಾಲದ ಬುಡದಲ್ಲಿ. ಸಂಜೆ ಆಗುತ್ತಿದ್ದಂತೆ ಕುದುರೆ ಹಿಂದೆ ಹಿಂದೆ ಸರಿದು, ಹಿಂಭಾಗವನ್ನು ಹುಣಸೆಮರಕ್ಕೆ ಒತ್ತಿ, ಎಡಕ್ಕೂ ಬಲಕ್ಕೂ ಉಜ್ಜುತ್ತಿತ್ತು. ನೋಡಲು ನಗು ಬರುತ್ತಿತ್ತು. ಕೆಲವು ದಿನಗಳಲ್ಲಿ ಬಾಲದ ಮೇಲಿನ ಕೂದಲು ಉದುರಿತು. ಆಮೇಲೆ ಕತ್ತು. ಕೊಟ್ಟಿಗೆಯ ಗಳುವಿಗೆ ಕತ್ತು ತಿಕ್ಕಿ ತಿಕ್ಕಿ ಕೇಸರದ ಕೂದಲು ಕಿತ್ತುಬಂತು, ಚರ್ಮ ದಪ್ಪವಾಗಿ ಮಡಿಕೆ ಮಡಿಕೆಯಾಗಿ ಸೀಳು ಬಿಟ್ಟಿತು, ರಕ್ತ ಒಸರಿತು. ಹೊಟ್ಟೆಯ ಅಡಿಯಲ್ಲಿ ಗಂಟುಗಳೆದ್ದವು. ಸೂರ್ಯ ಇಳಿಯುವ ಹೊತ್ತಿಗೆ ಅದು ಕಾಲು ನೆಲಕ್ಕೆ ಬಡಿಯುವ ಸದ್ದು ಅಡಿಗೆಮನೆಗೆ ಕೇಳುತ್ತಿತ್ತು. ನಗು ನಿಂತುಹೋಯಿತು.

ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಹುಳುಕಡ್ಡಿ ಎಂದರು, ಕಜ್ಜಿ ಎಂದರು, ದೃಷ್ಟಿ ಎಂದರು. ಅಪ್ಪ ಬೇವಿನೆಣ್ಣೆ ಹಚ್ಚಿದರು, ಗಂಧಕ ಹಚ್ಚಿದರು, ಯಾರದೋ ಮಾತಿಗೆ ಟ್ರ್ಯಾಕ್ಟರಿನ ಹಳೇ ಆಯಿಲ್ ಕೂಡ ಹಚ್ಚಿದರು. ಬೇವಿನೆಣ್ಣೆ ಹಚ್ಚಿದ ದಿನ ತುಸು ಕಡಿಮೆ ಅನ್ನಿಸುತ್ತಿತ್ತು. ಆಯಿಲ್ ಹಚ್ಚಿದ ದಿನ ಕುದುರೆ ಅಪ್ಪನ ತೋಳನ್ನು ಕಚ್ಚಿತು. ಅಪ್ಪ ಅದನ್ನು ಹೊಡೆಯಲಿಲ್ಲ. ತೋಳಿಗೆ ಅರಿಶಿನ ಒತ್ತಿಕೊಂಡು ಜಗಲಿಯ ಮೇಲೆ ಕೂತರು.

ಶ್ರಾವಣದಲ್ಲಿ ಒಂದು ಮದುವೆಯವರು ಮುಂಚೆಯೇ ಕುದುರೆ ನೋಡಿ ಹೋಗಲು ಬಂದರು. ಗಂಡಿನ ಸೋದರಮಾವ ಕುದುರೆಯ ಕತ್ತು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಇದು ಅಂಟ್ಕತದ ಏನು?"

"ಇಲ್ಲ ಕಣ್ರೀ, ನಾನು ದಿನಾ ಮುಟ್ತೀನಲ್ಲ" ಎಂದರು ಅಪ್ಪ.

"ನೀವ್ ಮುಟ್ತೀರ. ಮದ್ವೆ ಉಡ್ಗ ಮುಟ್ಟಬೇಕಲ್ಲ" ಎಂದು ಅವರು ಹೋದರು. ಆ ಮದುವೆಗೆ ಕಾರಿಗೆ ಹೂ ಸುತ್ತಿದರಂತೆ.

ಮಾರನೆಯ ದಿನ ಅಪ್ಪ ಕುದುರೆಯನ್ನು ಸರ್ಕಾರಿ ಪಶು ಆಸ್ಪತ್ರೆಗೆ ಹಿಡಿದುಕೊಂಡು ಹೊರಟರು. ನಾನೂ ಹೋದೆ. ಪಿಯುಸಿ ಮುಗಿಸಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಔಷಧಿಯ ಹೆಸರು ಓದಬಲ್ಲವಳು ಎಂಬ ಕಾರಣಕ್ಕೆ ಅಪ್ಪ ನನ್ನನ್ನು ಕರೆದರು.

ಡಾಕ್ಟರು ನಡುವಯಸ್ಸಿನವರು, ನಿಧಾನದ ಮನುಷ್ಯ. ಹಸು ಎಮ್ಮೆಗಳ ಸಾಲಿನ ಕೊನೆಯಲ್ಲಿ ನಿಂತಿದ್ದ ಕುದುರೆಯನ್ನು ನೋಡಿ ಕನ್ನಡಕ ಏರಿಸಿಕೊಂಡರು. "ಕಾಲೇಜಲ್ಲಿ ನೋಡಿದ್ದು ಕುದುರೇನ. ಆಮೇಲೆ ಈ ಕಡೆ ಯಾರೂ ತಂದಿಲ್ಲ" ಎಂದರು. ಕತ್ತು, ಬಾಲ, ಹೊಟ್ಟೆ ನೋಡಿದರು. ಚರ್ಮ ಕೆರೆದು ಗಾಜಿನ ಮೇಲೆ ಹಾಕಿ ಒಳಗೆ ಹೋಗಿ ನೋಡಿ ಬಂದರು. ಕಜ್ಜಿಯ ಹುಳ ಇಲ್ಲ ಎಂದರು.

"ಯಾವ ಹೊತ್ತಲ್ಲಿ ಜಾಸ್ತಿ?"

"ಸಂಜೆ ಸಾ. ಮುಂಜಾನೆನೂ ಸ್ವಲ್ಪ."

"ಬೇಸಿಗೆಯಲ್ಲಿ ಇತ್ತಾ?"

"ಇರ್ನಿಲ್ಲ ಸಾ. ಗದ್ದೆಗೆ ನೀರ್ ಬುಟ್ ಮೇಲೆ ಸುರುವಾಯ್ತು."

ಡಾಕ್ಟರು ತಲೆಯಾಡಿಸಿದರು. ಇದು ನುಸಿಯ ಕೆಲಸ ಎಂದರು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನುಸಿ, ಕೆಸರಲ್ಲಿ, ನಿಂತ ನೀರಿನ ಅಂಚಲ್ಲಿ ಹುಟ್ಟುತ್ತದೆ, ಹೊತ್ತು ಮುಳುಗುವಾಗ ಎದ್ದು ಕಚ್ಚುತ್ತದೆ. ಎಲ್ಲ ಕುದುರೆಗೂ ಕಚ್ಚುತ್ತದೆ, ಕೆಲವಕ್ಕೆ ಮಾತ್ರ ಆಗಿಬರುವುದಿಲ್ಲ. "ನಮ್ಮಲ್ಲೂ ಕೆಲವರಿಗೆ ಸೊಳ್ಳೆ ಕಚ್ಚಿದರೆ ಪಿತ್ತದ ಗಂಧೆ ಏಳ್ತದಲ್ಲ, ಹಾಗೆ. ಅಲರ್ಜಿ. ಅಂಟುರೋಗ ಅಲ್ಲ."

ಅಪ್ಪ ಆ ಮಾತನ್ನು ಇನ್ನೊಂದು ಸಲ ಹೇಳಿಸಿಕೊಂಡರು. ಮದುವೆಯವರಿಗೆ ಹೇಳಬೇಕಿತ್ತಲ್ಲ.

ಬೇಗ ಇಳಿಸುವ ಇಂಜೆಕ್ಷನ್ ಒಂದಿದೆ, ಸ್ಟೀರಾಯ್ಡ್, ಎಂದು ಡಾಕ್ಟರು ಅಂದರು. ಅಂದವರು ಬಗ್ಗಿ ಗೊರಸುಗಳನ್ನು ನೋಡಿದರು. ಗೊರಸಿನ ಮೇಲೆ ಅಡ್ಡ ಗೆರೆಗಳಿದ್ದವು. ಈ ಕುದುರೆಗೆ ಹಿಂದೆ ಯಾವಾಗಲೋ ಗೊರಸಿನ ಒಳಗೆ ಊತ ಬಂದು ನಡೆಯಲಾರದೆ ನಿಂತಿರಬೇಕು, ತಟ್ಟುಗಳಿಗೆ ಅದು ಬೇಗ ಬರುತ್ತದೆ, ಆ ಇಂಜೆಕ್ಷನ್ ಕೊಟ್ಟರೆ ಮತ್ತೆ ಬರಬಹುದು ಎಂದರು. "ತುರಿಕೆ ಹೋಗಿ ಕಾಲು ಹೋದರೆ ಏನು ಪ್ರಯೋಜನ? ಆಂಟಿಹಿಸ್ಟಮಿನ್ ನೋಡೋಣ. ಜನರಿಗೆ ನೆಗಡಿಗೆ, ಗಂಧೆಗೆ ಕೊಡ್ತಾರಲ್ಲ, ಅದೇ ಮಾತ್ರೆ. ಇದರ ತೂಕಕ್ಕೆ ತಕ್ಕಂತೆ ಜಾಸ್ತಿ ಬೇಕಾಗ್ತದೆ. ಪೂರ್ತಿ ವಾಸಿ ಆಗ್ತದೆ ಅಂತ ಹೇಳಲ್ಲ. ಕುದುರೆಗಳಲ್ಲಿ ಕೆಲವಕ್ಕೆ ಹತ್ತುತ್ತೆ, ಕೆಲವಕ್ಕೆ ಹತ್ತಲ್ಲ."

ಚೀಟಿಯಲ್ಲಿ ಅವರು ಬರೆದ ಮಾತ್ರೆ ನನಗೆ ಚೆನ್ನಾಗಿ ಗೊತ್ತಿತ್ತು. ದಿನವಿಡೀ ನೆಗಡಿಯವರಿಗೆ ನಾನೇ ಹರಿದು ಕೊಡುತ್ತಿದ್ದ ಸಣ್ಣ ಮಾತ್ರೆ. ಅಂಗಡಿಯ ಯಜಮಾನರ ಮುಂದೆ ಡಬ್ಬಿಗಟ್ಟಲೆ ಕೇಳಿದಾಗ ಅವರು ಪೇಪರಿನಿಂದ ತಲೆಯೆತ್ತಿದರು.

"ಯಾರಿಗಮ್ಮ ಇಷ್ಟೊಂದು?"

"ಕುದುರೆಗೆ ಸಾರ್."

ಅವರು ಮತ್ತೆ ಪೇಪರ್ ಓದಲು ಶುರುಮಾಡಿದರು. ಆಮೇಲೆ ಆ ವಾರವೆಲ್ಲ ನೆಗಡಿಗೆಂದು ಬಂದವರಿಗೆಲ್ಲ, "ಕುದುರೆಗಳೂ ಇದನ್ನೇ ತಗೋತವೆ, ಗೊತ್ತಾ?" ಎಂದು ಹೇಳುತ್ತಿದ್ದರು.

ಮಾತ್ರೆ ತಿನ್ನಿಸುವ ಕೆಲಸ ಅಮ್ಮನಿಗೆ ಬಂತು. ಯಾರೂ ಒಪ್ಪಿಸಲಿಲ್ಲ. ಅಪ್ಪ ಬಾಯಿ ತೆಗೆಸಿ ಹಾಕಲು ಹೋಗಿ ಎರಡು ದಿನ ಸೋತದ್ದನ್ನು ನೋಡಿ ಅವಳೇ ಎದ್ದಳು. ರಾಗಿಮುದ್ದೆಯಲ್ಲಿ ಇಟ್ಟು ಕೊಟ್ಟರೆ ಕುದುರೆ ಮುದ್ದೆ ನುಂಗಿ ಮಾತ್ರೆಗಳನ್ನು ಮಾತ್ರ ತುಟಿಯ ಅಂಚಿನಿಂದ ಉದುರಿಸುತ್ತಿತ್ತು. ಅಮ್ಮ ಮಾತ್ರೆಗಳನ್ನು ಒರಳಿನಲ್ಲಿ ಕುಟ್ಟಿ, ಬೆಲ್ಲ ಮತ್ತು ಹುರುಳಿ ನುಚ್ಚಿನಲ್ಲಿ ಕಲಸಿ ಉಂಡೆ ಮಾಡಿದಳು. ಕುದುರೆ ಅವಳ ಅಂಗೈ ನೆಕ್ಕಿತು. "ಥೂ, ಲೊಳಲೊಳ ಅಂತದೆ" ಎಂದು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮಾರನೆಯ ದಿನ ಬೆಲ್ಲ ಸ್ವಲ್ಪ ಜಾಸ್ತಿ ಹಾಕಿದಳು.

ಒಂದು ವಾರ ಏನೂ ಆಗಲಿಲ್ಲ. ಎರಡನೆಯ ವಾರ ಉಜ್ಜುವುದು ಕಡಿಮೆಯಾಯಿತು. ನಿಂತಿತು ಎಂದು ಹೇಳಲಾರೆ, ಅರ್ಧಕ್ಕಿಳಿಯಿತು. ಕತ್ತಿನ ಸೀಳುಗಳು ಒಣಗಿದವು. ಜೊತೆಗೆ ಇನ್ನೊಂದು ಬದಲಾವಣೆ ಬಂತು. ಕುದುರೆ ತೂಕಡಿಸತೊಡಗಿತು. ನಡುಹಗಲಲ್ಲಿ ಕೆಳತುಟಿ ಜೋಲುಬಿಟ್ಟು, ಒಂದು ಹಿಂಗಾಲನ್ನು ಸಡಿಲಿಸಿ ನಿಂತಿರುತ್ತಿತ್ತು. ನಾಯಿ ಹೊಟ್ಟೆಯ ಅಡಿಯಿಂದ ನುಸುಳಿ ಹೋದರೂ ಕಿವಿಯಾಡಿಸುತ್ತಿರಲಿಲ್ಲ. ನೆಗಡಿ ಮಾತ್ರೆ ನುಂಗಿದ ಮೇಲೆ ಗಾಡಿ ಓಡಿಸಬೇಡಿ ಎಂದು ನಾನು ಅಂಗಡಿಯಲ್ಲಿ ಜನರಿಗೆ ಹೇಳುತ್ತಿದ್ದೆ. ಅದು ಕುದುರೆಗೂ ಸಲ್ಲುತ್ತದೆ ಎಂದು ಆಗ ಗೊತ್ತಾಯಿತು.

ಆ ಕಾರ್ತೀಕದಲ್ಲಿ ನಮ್ಮ ಕುದುರೆಗೆ ಒಳ್ಳೆಯ ಹೆಸರು ಬಂತು. ಅದಕ್ಕೆ ಮುಂಚೆ ಅದು ಬ್ಯಾಂಡಿನ ಸದ್ದಿಗೆ ಕಿವಿ ಹಿಂದೆ ಮಾಡಿ, ಪಟಾಕಿಗೆ ಅಡ್ಡಡ್ಡ ಕುಣಿದು, ಮದುವೆ ಗಂಡುಗಳ ಮುಖದಲ್ಲಿ ಬೆವರಿಳಿಸುತ್ತಿತ್ತು. ಈಗ ಅದರ ಕಾಲಬುಡದಲ್ಲಿ ಸರ ಪಟಾಕಿ ಹಚ್ಚಿದರೂ ಕಣ್ಣರ್ಧ ಮುಚ್ಚಿಕೊಂಡು ನಡೆಯುತ್ತಿತ್ತು. ಬೋಳಾಗಿದ್ದ ಕತ್ತಿಗೆ ಅಮ್ಮ ಸೇವಂತಿಗೆಯ ದಂಡೆಯನ್ನು ಒತ್ತಾಗಿ ಕಟ್ಟುತ್ತಿದ್ದಳು, ಬಾಲದ ಬುಡಕ್ಕೆ ಜರಿಯ ಬಟ್ಟೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿತ್ತು. "ಏನ್ ಸಾಧು ಕುದುರೆ ಕಣ್ರೀ, ಮಗು ಕೂರಿಸಬೌದು" ಎಂದು ಜನ ಹೇಳಿದರು. ಬ್ಯಾಂಡ್‌ಸೆಟ್ಟಿನವರು ಆ ಮಾತನ್ನು ನಂಜನಗೂಡು, ಚಿಕ್ಕಯ್ಯನಛತ್ರದ ಕಡೆಯೆಲ್ಲ ಹಂಚಿದರು. ಒಂದೇ ಮುಹೂರ್ತಕ್ಕೆ ಎರಡೆರಡು ಮನೆಯವರು ಬರತೊಡಗಿದರು.

ಅಪ್ಪನಿಗೆ ಇದು ಸಮಾಧಾನ ಕೊಟ್ಟಿರಲಿಲ್ಲ. ಒಂದು ಮೆರವಣಿಗೆಯಿಂದ ಬಂದ ದಿನ ಕುದುರೆಯ ಮುಖ ತೊಳೆಯುತ್ತಾ, "ಇದು ಸಾಧು ಅಲ್ಲ, ಇದ್ಕೆ ಮಂಪರು" ಎಂದರು.

ಅಮ್ಮ ಹುರುಳಿ ಆರಿಸುತ್ತಿದ್ದಳು. "ಮಂಪರಾದ್ರೆ ಆಗ್ಲಿ. ತುರಿಸ್ಕಂಡು ರಕ್ತ ಸುರಿಸ್ಕಂಡು ನಿಂತಿರಾದು ಚೆಂದಾಗಿತ್ತಾ?"

"ಅದು ಬ್ಯಾರೆ."

"ಏನ್ ಬ್ಯಾರೆ? ಅದಕ್ಕೂ ನೆಮ್ಮದಿ, ನಮಗೂ ನೆಮ್ಮದಿ, ಕೂರೋ ಗಂಡಿಗೂ ನೆಮ್ಮದಿ."

ಅಪ್ಪ ಡಾಕ್ಟರನ್ನು ಕೇಳಿ ಬರಲು ನನಗೆ ಹೇಳಿದರು. ನಾನು ಅಂಗಡಿಯಿಂದ ಬರುವಾಗ ಕೇಳಿದೆ. ಕೆಲಸವಿರುವ ದಿನ ಬೆಳಗಿನ ಮಾತ್ರೆ ಬಿಡಿ, ಮೆರವಣಿಗೆ ಮುಗಿಸಿ ಬಂದ ಮೇಲೆ ಕೊಡಿ ಎಂದು ಅವರು ಹೇಳಿದರು. ಹಾಗೆಯೇ ಅಮ್ಮನಿಗೆ ಹೇಳಿದೆ. "ಆಯ್ತು" ಎಂದಳು.

ಅದಾದ ಮೇಲೆ ನಂಜನಗೂಡಿನಲ್ಲಿ ಒಂದು ಮದುವೆ ಬಂತು. ಗಂಡು ಪ್ರೈಮರಿ ಶಾಲೆಯ ಮೇಷ್ಟರು, ನಮಗೆ ದೂರದ ನೆಂಟರೂ ಹೌದು. ಹಾಗಾಗಿ ನಾನೂ ಹೋಗಿದ್ದೆ. ಕುದುರೆಯನ್ನು ಟೆಂಪೋದಲ್ಲಿ ನಿಲ್ಲಿಸಿಕೊಂಡು ಅಪ್ಪ ಮುಂಚೆ ಹೋಗಿದ್ದರು. ಸಂಜೆ ಬಿಸಿಲಿಳಿದ ಮೇಲೆ ಮೆರವಣಿಗೆ ಶುರುವಾಯಿತು. ಗಂಡಿಗೆ ಕೆನೆಬಣ್ಣದ ಸೂಟು, ತಲೆಗೆ ಪೇಟ. ಅವರ ಬೀದಿಯಿಂದ ಪೇಟೆಬೀದಿಗೆ ತಿರುಗಿ, ಅಲ್ಲಿಂದ ಛತ್ರಕ್ಕೆ ಹೋಗಬೇಕು. ಪೇಟೆಬೀದಿಯಲ್ಲಿ ಹಾಗೆ ಅವರ ಬೀದಿಯ ಗಂಡೊಬ್ಬ ಕುದುರೆಯ ಮೇಲೆ ಹೋಗುವುದು ಅದೇ ಮೊದಲು. ಬೀದಿಯ ತಿರುವಿನಲ್ಲಿ ಒಬ್ಬ ಪೊಲೀಸಿನವರು ನಿಂತಿದ್ದರು. ಏನೂ ಗಲಾಟೆ ಇರಲಿಲ್ಲ. ಅಂಗಡಿಯವರು ಬಾಗಿಲಿಗೆ ಬಂದು ನೋಡಿದರು, ಒಳಗೆ ಹೋದರು.

ಕುದುರೆ ಹೊರಟಾಗಿನಿಂದಲೇ ಸರಿಯಿರಲಿಲ್ಲ. ಕಾಲನ್ನು ಎತ್ತದೆ ಎಳೆಯುತ್ತಿತ್ತು. ಅಪ್ಪ ಲಗಾಮು ಹಿಡಿದು ಅದರ ಕಿವಿಯಲ್ಲಿ ಮಾತಾಡುತ್ತಾ ನಡೆಯುತ್ತಿದ್ದರು. ಪೇಟೆಬೀದಿಯ ನಡುವೆ ಬ್ಯಾಂಡಿನವರು ಕುಣಿತದ ಹಾಡು ಹಿಡಿದರು, ಹುಡುಗರು ಸುತ್ತ ಕುಣಿದರು, ಮೆರವಣಿಗೆ ನಿಂತಿತು. ಹಾಡು ಮುಗಿದು ಎಲ್ಲರೂ ಹೊರಟರೂ ಕುದುರೆ ಹೊರಡಲಿಲ್ಲ. ನಿಂತಲ್ಲೇ ನಿದ್ದೆ ಹೋಗಿತ್ತು. ಅಪ್ಪ ಲಗಾಮು ಎಳೆದರು. ಅದು ಬೆಚ್ಚಿ ಒಂದು ಹೆಜ್ಜೆ ಮುಂದಿಟ್ಟಿತು, ರಸ್ತೆಯ ಉಬ್ಬಿಗೆ ಗೊರಸು ತಾಗಿತು, ಮುಂಗಾಲುಗಳು ಮಡಿದವು. ಕುದುರೆ ಮೊಣಕಾಲೂರಿತು. ಗಂಡು ಅದರ ಕತ್ತಿನ ಮೇಲಿಂದ, ಸೇವಂತಿಗೆಯ ದಂಡೆಯ ಸಮೇತ, ಮೆಲ್ಲಗೆ ಜಾರಿ ನೆಲದ ಮೇಲೆ ಕೂತರು.

ಯಾರಿಗೂ ಪೆಟ್ಟಾಗಲಿಲ್ಲ. ಅಂಗಡಿಯ ಕಡೆಯಿಂದ ಯಾರೋ ನಕ್ಕದ್ದು ಕೇಳಿಸಿತು. ಗಂಡಿನ ಅಜ್ಜಿ ಮುಂದೆ ಬಂದು, "ಅಪಸಕುನ ಕಣಪ್ಪ" ಎಂದರು. ಚಿಕ್ಕಪ್ಪನೊಬ್ಬರು ಅಪ್ಪನ ಅಂಗಿ ಹಿಡಿದರು. "ಕುಡಿಸಿದೀಯೇನ್ಲಾ ಕುದ್ರೆಗೆ? ಇವತ್ತೇ, ಈ ಬೀದೀಲೇ ಬೀಳಿಸ್ಬೇಕಾಗಿತ್ತಾ ನೀನು?"

ಅಪ್ಪ ಅಂಗಿ ಬಿಡಿಸಿಕೊಳ್ಳಲಿಲ್ಲ. ಒಂದು ಕೈಯಲ್ಲಿ ಕುದುರೆಯ ಲಗಾಮು ಹಾಗೇ ಇತ್ತು.

ಗಂಡು ಎದ್ದು ಸೂಟು ಕೊಡವಿಕೊಂಡರು. ಚಿಕ್ಕಪ್ಪನ ಕೈ ತೆಗೆದು, ಅಪ್ಪನನ್ನು ಕೇಳಿದರು. "ಅದಕ್ಕೆ ಉಷಾರಿಲ್ವಾ?"

"ಮೈ ತುರಿಕೆ ಅಯ್ಯ. ಅದಕ್ಕೆ ಮಾತ್ರೆ ಕೊಡ್ತೀವಿ. ಮಾತ್ರೆ ನಿದ್ದೆ ತರ್ತದೆ. ಇವತ್ತು ಕೊಟ್ಟಿರ್ನಿಲ್ಲ ಅಂದ್ಕಂಡಿದ್ದೆ. ಕೊಟ್ಟವ್ರೆ ಅಂತ ಕಾಣ್ತದೆ."

ಮೇಷ್ಟರು ಕುದುರೆಯನ್ನು ನೋಡಿದರು. ಹೂ ಜಾರಿಹೋಗಿ ಅದರ ಬೋಳು ಕತ್ತು ಕಾಣುತ್ತಿತ್ತು. ಅಪ್ಪ ಅದನ್ನು ಎಬ್ಬಿಸಿ ನಿಲ್ಲಿಸಿದ್ದರು, ಮೊಣಕಾಲಿನ ಹತ್ತಿರ ಚರ್ಮ ತರಚಿತ್ತು. ಮೇಷ್ಟರು ಪೇಟ ಸರಿಮಾಡಿಕೊಂಡು, "ನಡೀರಿ, ನಡಕೊಂಡೇ ಹೋಗೋಣ" ಎಂದರು. ಅಪ್ಪನ ಕೈಯಿಂದ ಲಗಾಮು ತೆಗೆದುಕೊಂಡು, ಕುದುರೆಯನ್ನು ಪಕ್ಕಕ್ಕಿಟ್ಟುಕೊಂಡು, ಪೇಟೆಬೀದಿಯ ನಡುವೆಯೇ ಛತ್ರದ ತನಕ ನಡೆದರು. ಬ್ಯಾಂಡಿನವರು ಮತ್ತೆ ಶುರುಮಾಡಿದರು. ಅಪ್ಪ ಹಿಂದೆ, ಕೈಯಲ್ಲಿ ಏನೂ ಇಲ್ಲದೆ ಬಂದರು. ಅವರು ಹಾಗೆ ನಡೆದದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಮಾರನೆಯ ಬೆಳಿಗ್ಗೆ ಮನೆಯಲ್ಲಿ ಮಾತು ಹೆಚ್ಚೇನೂ ಆಗಲಿಲ್ಲ. ಅಪ್ಪ ಕೇಳಿದರು, "ಕೊಟ್ಯಾ?"

"ಕೊಟ್ಟೆ" ಎಂದಳು ಅಮ್ಮ. "ಪಟಾಕಿ ಜಾಸ್ತಿ ಅಂದಿದ್ರು. ಬೆದರ್ತದೆ ಅಂತ ಒಂದುಂಡೆ ಜಾಸ್ತೀನೇ ಕೊಟ್ಟೆ." ಒರಳು ತೊಳೆದಿಟ್ಟು, "ಬಿದ್ದದ್ದು ತಪ್ಪಾಯ್ತು" ಎಂದಳು.

"ನಾಳೆಯಿಂದ ಉಂಡೆ ನಾನ್ ಮಾಡ್ತೀನಿ."

"ನಿಮ್ ಕೈಲಿ ಅದು ತಿನ್ನಲ್ಲ" ಎಂದಳು ಅಮ್ಮ. ಅದು ನಿಜವಾಗಿತ್ತು. ಎರಡು ದಿನ ಅಪ್ಪ ಪ್ರಯತ್ನ ಮಾಡಿ ಮತ್ತೆ ಅಮ್ಮನಿಗೇ ಬಿಟ್ಟರು. ಒಪ್ಪಂದವಾದದ್ದು ಇಷ್ಟು: ಮದುವೆ ಒಪ್ಪಿಕೊಂಡರೆ ಹಿಂದಿನ ದಿನದಿಂದ ಮಾತ್ರೆ ಇಲ್ಲ. ತುರಿಕೆ ಜೋರಾಗಿರುವ ತಿಂಗಳುಗಳಲ್ಲಿ ಮದುವೆಯನ್ನೇ ಒಪ್ಪಿಕೊಳ್ಳುವುದಿಲ್ಲ. ಅಂದರೆ ಶ್ರಾವಣ ಹೋಯಿತು, ಕಾರ್ತೀಕ ಹೋಯಿತು. ಆ ತಿಂಗಳುಗಳಲ್ಲಿ ಅಪ್ಪ ಪುನಃ ಗಿರಣಿಗೆ ಮೂಟೆ ಹೊರಲು ಹೋಗತೊಡಗಿದರು.

ಮಾತ್ರೆಯೊಂದೇ ಸಾಲದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾವು ಮಾತ್ರೆ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟಿದ್ದೆವು. ನುಸಿ ಕಚ್ಚದಂತೆ ನೋಡಿಕೊಳ್ಳಿ, ಕಚ್ಚಿದ ಮೇಲಿನ ಔಷಧಿಗಿಂತ ಅದು ಮೇಲು ಎಂಬುದು ಅವರ ಮಾತು. ಸಂಜೆಗೆ ಮುಂಚೆ ಕುದುರೆ ಒಳಗಿರಬೇಕು, ಕೊಟ್ಟಿಗೆಗೆ ಬಲೆ ಹಾಕಿಸಿ, ಮೈಮೇಲೆ ಬಟ್ಟೆ ಹೊದಿಸಿ. ಈ ನುಸಿಗೆ ಗಾಳಿಯಲ್ಲಿ ಹಾರಲು ಆಗುವುದಿಲ್ಲ, ಸಾಧ್ಯವಿದ್ದರೆ ಒಂದು ಫ್ಯಾನು ಹಾಕಿ ಎಂದೂ ಹೇಳಿದ್ದರು.

ಅಮ್ಮ ಹೊಲಿಯಲು ಕೂತಳು. ಹಳೆಯ ವಾಯಿಲ್ ಸೀರೆಗಳನ್ನು ಜೋಡಿಸಿ, ಕತ್ತಿನಿಂದ ಬಾಲದವರೆಗೆ ಬರುವಂತೆ, ಹೊಟ್ಟೆಯ ಅಡಿಯಲ್ಲಿ ಕಟ್ಟಲು ಲಾಡಿ ಇಟ್ಟು, ಒಂದು ಅಂಗಿ ಹೊಲಿದಳು. ಮೊದಲನೆಯದನ್ನು ಕುದುರೆ ಮರಕ್ಕೆ ಉಜ್ಜಿ ಹರಿದುಹಾಕಿತು. ಎರಡನೆಯದಕ್ಕೆ ಗೊಬ್ಬರದ ಚೀಲದ ಅಂಚು ಕೊಟ್ಟಳು. ನೀಲಿ ಹೂವಿನ ಸೀರೆ. ಅದನ್ನು ಹಾಕಿಕೊಂಡು ಕುದುರೆ ಗದ್ದೆಯ ಬದಿಯಲ್ಲಿ ನಿಂತರೆ, "ನೈಟಿ ಆಕವ್ಳೆ ನೋಡು" ಎಂದು ನಾಲೆ ಏರಿಯ ಮೇಲೆ ಹೋಗುವವರು ಹೇಳಿಕೊಂಡು ಹೋಗುತ್ತಿದ್ದರು. ಅಮ್ಮನಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಮೂರನೆಯದಕ್ಕೆ ಕತ್ತಿನ ಹತ್ತಿರ ನೆರಿಗೆ ಕೂಡ ಇಟ್ಟಳು.

ಕೊಟ್ಟಿಗೆಯ ಬಾಗಿಲಿಗೆ ಸೊಳ್ಳೆಪರದೆ ಬಂತು. ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನು ಕುದುರೆಗೆ ಹೋಯಿತು. ಕರೆಂಟು ಹೋದ ಸಂಜೆಗಳಲ್ಲಿ ಅಪ್ಪ ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದರು. ಇವೆಲ್ಲ ಸೇರಿ ಕೆಲಸ ಮಾಡಿದವು. ಮುಂದಿನ ವರ್ಷದ ಮಳೆಗಾಲದಲ್ಲಿ ತುರಿಕೆ ಬಂತು, ಆದರೆ ರಕ್ತ ಬರುವಷ್ಟಲ್ಲ. ಮಾತ್ರೆ ಮೊದಲಿನ ಅರ್ಧಕ್ಕೆ ಇಳಿಯಿತು. ಕೇಸರ ಒರಟೊರಟಾಗಿ, ಬ್ರಷ್ಷಿನ ಹಾಗೆ ನೆಟ್ಟಗೆ ಬೆಳೆಯಿತು.

ಕುದುರೆ ಮತ್ತೆ ಪಟಾಕಿಗೆ ಬೆದರತೊಡಗಿತು. ಮಾಘ, ಫಾಲ್ಗುಣ, ವೈಶಾಖದ ಮದುವೆಗಳಿಗೆ ಅಪ್ಪ ಅದನ್ನು ಕರೆದೊಯ್ಯುತ್ತಿದ್ದರು. "ಮೊದ್ಲು ಸಾಧುವಾಗಿತ್ತು, ಈಗೇನೋ ಆಗದೆ" ಎಂದು ಕೆಲವರು ಹೇಳಿದರು. ಕರೆ ಕಡಿಮೆಯಾಯಿತು. ಅಪ್ಪ ಹತ್ತುವ ಗಂಡಿಗೆ ಮುಂಚೆಯೇ ಹೇಳುತ್ತಿದ್ದರು, "ಸ್ವಲ್ಪ ಕುಣೀತದೆ, ಬಿಗಿಯಾಗಿ ಕೂತ್ಕಳಿ."

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಅಂಗಡಿಗೆ ನಿದ್ದೆ ತರಿಸದ ಹೊಸ ಜಾತಿಯ ಅಲರ್ಜಿ ಮಾತ್ರೆಗಳು ಹೆಚ್ಚಾಗಿ ಬರತೊಡಗಿದವು. ಡಾಕ್ಟರನ್ನು ಕೇಳಿ ಅದನ್ನೂ ಒಂದು ಮಳೆಗಾಲ ಕೊಟ್ಟು ನೋಡಿದೆವು. ಕುದುರೆ ಎಚ್ಚರವಾಗಿಯೇ ಇತ್ತು. ತುರಿಕೆಗೆ ಹಳೆಯ ಮಾತ್ರೆಯಷ್ಟು ಹತ್ತಲಿಲ್ಲ ಎಂದು ಅಮ್ಮ ಹೇಳಿದಳು, ಹತ್ತಿತು ಎಂದು ಅಪ್ಪ. ನನಗೆ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಆ ಡಾಕ್ಟರಿಗೂ ಅಷ್ಟರಲ್ಲಿ ವರ್ಗವಾಯಿತು. ಹೋಗುವ ಮುನ್ನ ಒಂದು ಸಂಜೆ ನಮ್ಮ ಮನೆಗೆ ಬಂದು, ಪರದೆ ಸರಿಸಿ, ಫ್ಯಾನಿನ ಮುಂದೆ ನೀಲಿ ಹೂವಿನ ಅಂಗಿಯಲ್ಲಿ ನಿಂತಿದ್ದ ಕುದುರೆಯನ್ನು ನೋಡಿದರು. ಅಮ್ಮ ಕೊಟ್ಟ ಕಾಫಿ ಕುಡಿದು, "ನಾನು ಹೇಳಿದ್ದನ್ನು ಇಷ್ಟು ಪೂರ್ತಿ ಯಾರೂ ಮಾಡಿಲ್ಲಮ್ಮ" ಎಂದರು. ಅಮ್ಮ ಅದನ್ನು ಹೊಗಳಿಕೆ ಎಂದು ತಿಳಿದಳೋ ಇಲ್ಲವೋ, "ಕರೆಂಟೇ ಇರಲ್ಲ ಸಾ" ಎಂದಳು.

ಮದುವೆಗಳಿಗೆ ದೀಪದ ರಥ, ಹೂ ಸುತ್ತಿದ ಕಾರು ಬಂದವು. ಮೈಸೂರಿನಿಂದ ಎತ್ತರದ ಕುದುರೆಗಳು ಲಾರಿಯಲ್ಲಿ ಬಂದವು. ಆ ವೇಳೆಗೆ ನನಗೆ ನಂಜನಗೂಡಿನ ಬಳಿಯ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅಪ್ಪನ ಬೆನ್ನು ಮೂಟೆಗೆ ಆಗದಂತಾಯಿತು. ನಾವು ನಂಜನಗೂಡಿನಲ್ಲಿ ಬಾಡಿಗೆಗೆ ಎರಡು ಕೋಣೆ ಹಿಡಿದೆವು. ಅಲ್ಲಿ ಕುದುರೆಗೆ ಜಾಗವಿರಲಿಲ್ಲ.

ಹೆಮ್ಮರಗಾಲದ ಕಡೆ ಅಪ್ಪನ ಅಕ್ಕ ಇದ್ದರು. ನಾಲೆಯ ನೀರು ಹತ್ತದ ದಿಬ್ಬದ ಮೇಲೆ ಅವರ ಮನೆ, ಸುತ್ತ ಹುರುಳಿ, ಜೋಳದ ಹೊಲ. ಗಾಳಿ ಬೀಸುವ ಜಾಗ. ಅತ್ತೆಗೆ ಹುಲ್ಲು ಹೊರೆ ತರಲು ಒಂದು ಪ್ರಾಣಿ ಬೇಕಿತ್ತು. ಅಪ್ಪ ಕುದುರೆಯನ್ನು ಅಲ್ಲಿಗೆ ನಡೆಸಿಕೊಂಡು ಹೋಗಿ ಬಿಟ್ಟು ಬಂದರು. ಜೊತೆಗೆ ಅಮ್ಮ ಎರಡು ಅಂಗಿ, ಪರದೆ, ಮಾತ್ರೆಯ ಡಬ್ಬಿ, ಉಂಡೆ ಕಟ್ಟುವ ಕ್ರಮ ಎಲ್ಲವನ್ನೂ ಕಳಿಸಿದ್ದಳು.

ಆ ಮಳೆಗಾಲ ಮುಗಿಯುತ್ತಾ ಬಂದಾಗ ಒಂದು ಭಾನುವಾರ ನಾನೂ ಅಪ್ಪನೂ ಬಸ್ಸಿನಲ್ಲಿ ಹೋದೆವು. ಕುದುರೆ ಹೊಲದ ಅಂಚಿನಲ್ಲಿ ಮೇಯುತ್ತಿತ್ತು. ಮೈಮೇಲೆ ಅಂಗಿ ಇರಲಿಲ್ಲ. ಬಾಲ ತುಂಬಿಕೊಂಡಿತ್ತು, ಹೊಟ್ಟೆಯ ಅಡಿಯಲ್ಲಿ ಗಂಟಿಲ್ಲ, ಚರ್ಮ ನುಣ್ಣಗಿತ್ತು. ಒಂದು ಸಲವೂ ಮಾತ್ರೆ ಕೊಡಲಿಲ್ಲ, ಕೊಡುವ ಪ್ರಮೇಯ ಬರಲಿಲ್ಲ ಎಂದು ಅತ್ತೆ ಹೇಳಿದರು. ನಾವು ಅಷ್ಟು ವರ್ಷ ಒರಳಿನಲ್ಲಿ ಕುಟ್ಟಿದ್ದನ್ನೆಲ್ಲ ಆ ದಿಬ್ಬದ ಗಾಳಿ ಸುಮ್ಮನೆ ಮಾಡಿಬಿಟ್ಟಿತ್ತು.

ಕತ್ತಿನ ಕೂದಲು ಮಾತ್ರ ಗಿಡ್ಡವಾಗಿ, ಮೆಟ್ಟಿಲು ಮೆಟ್ಟಿಲಾಗಿ ಇತ್ತು. ಅಪ್ಪ ಅದರ ಮೇಲೆ ಕೈಯಾಡಿಸಿ, "ಇಲ್ಲೂ ಉಜ್ಕತದಾ?" ಎಂದು ಕೇಳಿದರು.

"ಇಲ್ಲ ಕಣಪ್ಪ. ಎಂಗ್ ಬೆಳ್ದಿತ್ತು ಅಂತೀಯ, ಕಣ್ಣಿಗೆ ಬಂದು ಬೀಳದು. ಮೊನ್ನೆ ಕತ್ರಿ ತಕ್ಕಂಡು ಕತ್ತರಿಸ್ಬುಟ್ಟೆ" ಎಂದರು ಅತ್ತೆ.

ಅಪ್ಪ ಊಟದ ಹೊತ್ತಿನ ತನಕ ಅಕ್ಕನ ಜೊತೆ ಮಾತಾಡಲಿಲ್ಲ. ಹೊಲದ ಕಡೆ ಹೋಗಿ ಕುದುರೆಯ ಪಕ್ಕದಲ್ಲಿ ಕೂತಿದ್ದರು. ಅತ್ತೆಗೆ ಯಾಕೆಂದು ಅರ್ಥವಾಗಲಿಲ್ಲ, ನನ್ನನ್ನು ಕೇಳಿದರು. ಅಪ್ಪನಿಗೆ ಆ ಕುದುರೆಯ ಕೇಸರ ಪೂರ್ತಿ ಬೆಳೆದದ್ದನ್ನು ಒಂದು ಸಲ ನೋಡಬೇಕಿತ್ತು ಎಂದು ನಾನು ಹೇಳಿದೆ.

"ಅಯ್ಯೋ, ಅದಕ್ಕೇನು, ಮತ್ತೆ ಬೆಳೀತದೆ ಬುಡು" ಎಂದು ಅತ್ತೆ ಸಾರಿಗೆ ಒಗ್ಗರಣೆ ಹಾಕಲು ಎದ್ದರು. ಊಟಕ್ಕೆ ಕರೆದಾಗ ಅಪ್ಪ ಬಂದರು. ಎರಡನೆಯ ಮುದ್ದೆ ಹಾಕಿಸಿಕೊಳ್ಳುವ ಹೊತ್ತಿಗೆ ಅಕ್ಕನನ್ನು ಮಳೆಯ ಬಗ್ಗೆ ಏನೋ ಕೇಳಿದರು.